ದನದ ದಾರಿಗೆ ಹಾಕಿದ ವೋಟು

ನಮ್ಮ ಹೊನ್ನೆಮರಡೀಲಿ ಮೊದಲು ವೋಟು ಹಾಕಿದ ಹೆಂಗಸು ನಾನು, ತೀರ್ಥಮ್ಮ. ಕೊಚ್ಕೊಳ್ತಾಳೆ ಅಂದ್ಕೊಳ್ಳೋರು ಅಂದ್ಕೊಳ್ಲಿ. ಕೊಚ್ಕೊಳ್ಳೋ ವಿಷಯ ಇದ್ದಾಗ ಕೊಚ್ಕೊಳ್ದೆ ಇನ್ನೇನು, ಸೆರಗಲ್ಲಿ ಗಂಟು ಹಾಕಿಟ್ಕೊಳ್ಲಾ?

ನಮ್ಮ ಯಜಮಾನ್ರು ಲಿಂಗೈಕ್ಯರಾದ ಮೇಲೆ ತೆಂಗಿನ ತೋಟ, ಮರಡಿ ಹೊಲ ಎಲ್ಲಾ ನನ್ನ ಹೆಸರಿಗೆ ಖಾತೆ ಆಯ್ತು. ಕಂದಾಯ ನಾನೇ ಕಟ್ತಿದ್ದೆ. ಆಮೇಲೆ ಮಹಾರಾಜರ ಸರ್ಕಾರ ಒಂದು ಕಾನೂನು ಮಾಡ್ತು: ಇಷ್ಟು ಅಂತ ಕಂದಾಯ ಕಟ್ಟೋರಿಗೆಲ್ಲ ವೋಟು, ಹೆಂಗಸಾದ್ರೂ ಸೈ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ತರೀಕೆರೆ ತಾಲ್ಲೂಕಿಂದ ಹೋಗೋ ಮೆಂಬರನ್ನ ಆರಿಸೋ ವೋಟು ಅದು. ನಮ್ಮೂರಲ್ಲಿ ಅಂಥಾ ವೋಟು ಇದ್ದೋರು ತೋಟದೋರು ಮಾತ್ರ, ಬೆರಳೆಣಿಕೆ ಮಂದಿ. ಮಿಕ್ಕೋರಿಗೆ ದನ ಇತ್ತು, ತುಂಡು ಹೊಲ ಇತ್ತು, ವೋಟು ಇರ್ಲಿಲ್ಲ.

ಆ ಸಲ ಎಲೆಕ್ಷನ್ನಿಗೆ ನಿಂತೋನು ನನ್ನ ಒಡಹುಟ್ಟಿದ ತಮ್ಮ, ಮಲ್ಲಿಕಾರ್ಜುನಪ್ಪ. ತರೀಕೆರೇಲಿ ಅವನದು ಕೊಬ್ಬರಿ ಮಂಡಿ. ಮಾತು ಬಲ್ಲೋನು, ನಗುಮುಖದೋನು, ಜರಿ ರುಮಾಲು ಕಟ್ಟಿದ್ರೆ ಮದುವೆ ಗಂಡಿನ ಹಂಗೆ ಕಾಣೋನು. ಅವನು ನಿಂತ ಸುದ್ದಿ ಕೇಳಿದ ಸಂಜೇನೇ ಕೆಂಚಮ್ಮ ನಮ್ಮ ಜಗಲಿಗೆ ಬಂದ್ಲು. ಅವಳ ಹಿಂದೆ ದನ ಸಾಕೋ ಮನೆಗಳೋರೆಲ್ಲ ಬಂದ್ರು.

ಕೆಂಚಮ್ಮ ಯಾರು ಅಂದ್ರೆ, ಊರ ದನಾನೆಲ್ಲ ಹೊಡ್ಕೊಂಡು ಹೋಗಿ ಮೇಯಿಸ್ಕೊಂಡು ಬರೋಳು. ಗಂಡಸರೇ ಮಾಡೋ ಕೆಲಸ ಅದು. ಅವಳ ಗಂಡ ಸತ್ತ ಮೇಲೆ ಕೋಲು ಅವಳ ಕೈಗೆ ಬಂತು, ಆಮೇಲೆ ಯಾರಿಗೂ ಕಿತ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ.

"ತೀರ್ಥಮ್ಮಾರೇ, ನಮ್ಗೆ ವೋಟಿಲ್ಲ. ನಿಮ್ಗೈತೆ. ನಿಮ್ಮ ತಮ್ಮೋರು ಮೈಸೂರಿಗೋದ್ರೆ ನಮ್ಮ ದಾರಿ ಮಾತು ಎತ್ತಾರಾ?" ಅಂದ್ಲು.

ದಾರಿ ವಿಷಯ ಹೇಳ್ಬೇಕು. ನಮ್ಮೂರಿಗೂ ಹಿರೇಕೆರೆಗೂ ಮಧ್ಯೆ ಸರ್ಕಾರದ ಹುಲ್ಗಾವಲು. ನಮ್ಮಜ್ಜನ ಕಾಲದಿಂದ ಅದರ ನಡುವೆ ಊರ ದನ ನೀರಿಗೆ ಹೋಗೋ ದಾರಿ ಇತ್ತು. ಯಾವನೋ ಹೊಸ ಮೇಲ್ವಿಚಾರಕ ಬಂದ, ಸುತ್ತ ಕತ್ತಾಳೆ ಬೇಲಿ ಹಾಕಿಸ್ದ, ದಾರಿ ಮುಚ್ಚಿಹೋಯ್ತು. ಅವತ್ತಿಂದ ದನ ಮರಡಿ ಸುತ್ತಿ ಕಲ್ಲುದಾರೀಲಿ ಕೆರೆಗೆ ಹೋಗ್ಬೇಕು. ಬೇಸಿಗೇಲಿ ಹೋಗೋಷ್ಟರಲ್ಲಿ ಬಿಸಿಲು ಏರ್ತದೆ, ಬರೋಷ್ಟರಲ್ಲಿ ಕುಡಿದ ನೀರು ಆವಿಯಾಗಿರ್ತದೆ. ಗಬ್ಬದ ಹಸುಗಳು ದಿನ ತುಂಬೋ ಮುಂಚೆ ದಾರೀಲೇ ಕಂದು ಹಾಕ್ತಿದ್ವು. ಒಂದು ದನ ಬೇಲಿ ನುಸುಳಿದ್ರೆ ದೊಡ್ಡಿಗೆ ಹೊಡೀತಿದ್ರು, ದಂಡ ಕಟ್ಟಿ ಬಿಡಿಸ್ಕೊಂಡು ಬರ್ಬೇಕು. ನಮ್ಮಂಥ ತೋಟದೋರಿಗೆ ಈ ತಾಪತ್ರಯ ಇರ್ಲಿಲ್ಲ. ನಮ್ಮ ನಮ್ಮ ತೋಟದಲ್ಲಿ ಬಾವಿ ಇತ್ತು.

"ಎತ್ತದೆ ಏನು ಮಾಡ್ತಾನೆ? ನಾನು ಹೇಳಿದ್ರೆ ಎತ್ತಾನೆ" ಅಂದೆ.

"ಹಂಗಾದ್ರೆ ನಮ್ಮೆಲ್ಲರ ಪರ ನೀವೇ ಕೈ ಹಾಕಿ."

ಇದು ನಮ್ಮ ಕಡೆ ಪದ್ಧತಿ. ದನದ ಸಂತೇಲಿ ವ್ಯಾಪಾರ ನಡೆಯೋದು ವಲ್ಲಿ ಕೆಳಗೆ. ಕೊಳ್ಳೋನು ಕೊಡೋನು ಹೆಗಲ ಬಟ್ಟೆ ಮುಚ್ಕೊಂಡು ಅದರಡೀಲಿ ಬೆರಳು ಹಿಡಿದು ಬೆಲೆ ಹೇಳ್ತಾರೆ. ಬಡವರು ನಾಲ್ಕಾರು ಮನೆ ಸೇರಿ ಒಂದು ಜೋಡಿ ಎತ್ತು ಕೊಳ್ಳೋದುಂಟು. ಆಗ ಎಲ್ಲರ ಕೈಯೂ ವಲ್ಲಿ ಕೆಳಗೆ ಹಿಡಿಸೋದಿಲ್ಲವಲ್ಲ, ಒಬ್ಬರು ಎಲ್ಲರ ಪರ ಕೈ ಹಾಕ್ತಾರೆ. ಎತ್ತನ್ನ ಉಳುಮೆಗೆ ಕಟ್ಟಿ ನೋಡ್ತಾರೆ. ಸಾಲಲ್ಲಿ ಮಲಗಿಬಿಡೋ ಎತ್ತಾದ್ರೆ, ಕೈ ಹಾಕಿದೋರೇ ಹೋಗಿ ಅದನ್ನ ವಾಪಸ್ ಕೊಟ್ಟು ಬರ್ಬೇಕು. ಮಾರಿದೋನು ತಗೊಳ್ಲಿಲ್ಲ ಅಂದ್ರೆ ಮಿಕ್ಕೋರ ಹೊಲಾನ ಕೈ ಹಾಕಿದೋರು ತಮ್ಮ ಸ್ವಂತ ಎತ್ತಿಂದ ಉತ್ತು ಕೊಡ್ಬೇಕು. ಬರವಣಿಗೆ ಇಲ್ಲ, ಸಾಕ್ಷಿ ಇಲ್ಲ, ಆದ್ರೂ ಇದನ್ನ ತಪ್ಪಿದೋರು ಆಮೇಲೆ ಊರಲ್ಲಿ ತಲೆ ಎತ್ತಿ ನಡೀಲಿಕ್ಕಾಗಲ್ಲ.

ಕೆಂಚಮ್ಮ ತನ್ನ ಹೆಗಲ ಬಟ್ಟೆ ನನ್ನ ಕೈ ಮೇಲೆ ಹೊದಿಸಿದ್ಲು. ಒಬ್ಬೊಬ್ಬರೇ ಬಂದು ಬಟ್ಟೆ ಮೇಲೆ ಕೈಯಿಟ್ಟು ಒತ್ತಿ ಹೋದ್ರು. ಅಷ್ಟು ಜನ ನನ್ನನ್ನ ನಂಬಿದ್ರಲ್ಲ ಅಂತ ನನಗೆ ಎದೆ ತುಂಬಿ ಬಂತು.

ಮಾರನೇ ವಾರ ತಮ್ಮ ವೋಟು ಕೇಳೋಕೆ ಬಂದ. ಒಬ್ಬಟ್ಟು ಬಡಿಸ್ತಾ ಎಲ್ಲಾ ಹೇಳ್ದೆ. "ಅಕ್ಕಾ, ನಾನು ಸಭೇಲಿ ಎದ್ದು ನಿಂತು ಆಡೋ ಮೊದಲ ಮಾತೇ ದನದ ದಾರಿ" ಅಂದ. ಬಾಯಲ್ಲಿ ಒಬ್ಬಟ್ಟಿತ್ತು. ನಾನದನ್ನ ಆಣೆ ಅಂತಲೇ ತಗೊಂಡೆ.

ವೋಟಿನ ದಿನ ಗಾಡಿ ಕಟ್ಟಿಸ್ಕೊಂಡು ಅಜ್ಜಂಪುರಕ್ಕೆ ಹೋದೆ. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ನನ್ನನ್ನ ಮೇಲಿಂದ ಕೆಳಗೆ ನೋಡ್ದ. "ಯಜಮಾನ್ರು ಎಲ್ಲಮ್ಮ?" ಅಂದ.

"ಕೈಲಾಸದಲ್ಲಿದಾರೆ. ಅಲ್ಲಿಂದ ಕಂದಾಯ ಕಟ್ಟೋಕಾಗಲ್ಲ ಅಂತ ಇಲ್ಲಿ ನಾನು ಕಟ್ತಿದೀನಿ" ಅಂದೆ. ಸಾಲಲ್ಲಿ ನಿಂತಿದ್ದ ಗಂಡಸರು ನಕ್ರು. ಗುಮಾಸ್ತ ಚೀಟಿ ಕೊಟ್ಟ. ನಾನು ಹಾಕಿ ಬಂದೆ, ಒಬ್ಬಳ ಪರ ಅಲ್ಲ, ಊರ ದನಕರು ಸಮೇತ.

ತಮ್ಮ ಗೆದ್ದ. ದಸರೆಗೆ ಮೈಸೂರಿಗೆ ಹೋದ. ಅವನು ರೈಲು ಹತ್ತೋವಾಗ ತರೀಕೆರೆ ಸ್ಟೇಷನ್ನಲ್ಲಿ ಹಾರ ಹಾಕಿದೋರಲ್ಲಿ ನಾನೂ ಒಬ್ಬಳು. ವಾಪಸ್ ಬಂದಾಗ ನೋಡೋಕೆ ನಾನೇ ತರೀಕೆರೆಗೆ ಹೋದೆ. ಮೈಸೂರು ಪಾಕು ಕೊಟ್ಟ, ಅರಮನೆ ದೀಪದ ಮಾತಾಡ್ದ, ದೊಡ್ಡ ದೊಡ್ಡ ಅಧಿಕಾರಿಗಳು ತನ್ನನ್ನ ಹೆಸರು ಹಿಡಿದು ಕರೆದದ್ದು ಹೇಳ್ದ. ಅಜ್ಜಂಪುರದಲ್ಲಿ ಕೊಬ್ಬರಿ ಮೂಟೆ ತುಂಬೋಕೆ ರೈಲು ಇನ್ನೊಂದು ಚೂರು ಹೊತ್ತು ನಿಲ್ಲಬೇಕು ಅಂತ ಸಭೇಲಿ ಕೇಳಿದ್ನಂತೆ. ಆಗಲಿ ನೋಡೋಣ ಅಂದ್ರಂತೆ.

"ದಾರಿ?" ಅಂದೆ.

"ಹೊತ್ತು ಸಾಲಲಿಲ್ಲ ಅಕ್ಕ" ಅಂದು ಇನ್ನೊಂದು ತುಂಡು ಮೈಸೂರು ಪಾಕು ನನ್ನ ಕಡೆ ದೂಡ್ದ. ಆ ತುಂಡನ್ನ ನಾನು ಮುಟ್ಟಲಿಲ್ಲ.

ಸುದ್ದಿ ಊರಿಗೆ ನನಗಿಂತ ಮುಂಚೆ ಬಂದಿತ್ತು. ಸಂಜೆ ಅದೇ ಜನ ಅದೇ ಜಗಲಿ ಮುಂದೆ ನಿಂತ್ರು. ಕೂಗಾಡ್ಲಿಲ್ಲ, ಬೈಲಿಲ್ಲ. ಬೈದಿದ್ರೆ ವಾಸಿಯಾಗ್ತಿತ್ತು, ನನಗೂ ತಿರುಗಿ ಬೈಯೋಕೆ ಬರ್ತದೆ.

"ಎತ್ತು ಸಾಲಲ್ಲಿ ಮಲಗ್ತು ತೀರ್ಥಮ್ಮಾರೇ. ವಾಪಸ್ ಕೊಟ್ಟು ಬನ್ನಿ" ಅಂದ್ಲು ಕೆಂಚಮ್ಮ.

ಓದಿದೋರು ನಗ್ಬೋದು, ನಗ್ಲಿ. ನಮಗೆ ಯಾರಿಗೂ ಅದರಲ್ಲಿ ವಿಚಿತ್ರ ಕಾಣ್ಲಿಲ್ಲ. ಕೆಲಸಕ್ಕೆ ಬರುತ್ತೆ ಅಂತ ನಂಬಿ ತಂದದ್ದು ಕೆಲಸಕ್ಕೆ ಬರಲಿಲ್ಲ ಅಂದ್ರೆ ವಾಪಸ್ ಕೊಡೋದಪ್ಪ. ಎತ್ತಿಗೊಂದು ನ್ಯಾಯ, ಮೆಂಬರಿಗೊಂದು ನ್ಯಾಯ ಇರ್ತದೆ ಅಂತ ನಮಗ್ಯಾರು ಹೇಳಿದ್ರು? ಮಾರನೇ ದಿನ ಇಳಕಲ್ ಸೀರೆ ಉಟ್ಕೊಂಡು ತರೀಕೆರೆಗೆ ಹೋಗಿ ಅಮಲ್ದಾರರ ಮುಂದೆ ನಿಂತೆ.

"ಸ್ವಾಮಿ, ನನ್ನ ವೋಟು ವಾಪಸ್ ಕೊಡಿಸಿ. ಆ ಮೆಂಬರು ನಮಗೆ ಬೇಡ."

ಅಮಲ್ದಾರರು ಒಳ್ಳೇ ಮನುಷ್ಯ. ಕುರ್ಚಿ ಹಾಕ್ಸಿದ್ರು, ಮಜ್ಜಿಗೆ ತರಿಸಿದ್ರು. ಸಾವಧಾನವಾಗಿ ಹೇಳಿದ್ರು: "ತಾಯಿ, ಹಾಕಿದ ವೋಟು ಹಾಕಿದ ಹಾಗೇ. ಮೂರು ವರ್ಷ ಅವರೇ ಮೆಂಬರು. ಅಲ್ಲೀವರೆಗೆ ಏನೂ ಮಾಡೋ ಹಾಗಿಲ್ಲ."

"ಸಾಲಲ್ಲಿ ಮಲಗೋ ಎತ್ತನ್ನ ಯಾರಾದ್ರೂ ಮೂರು ವರ್ಷ ಕಟ್ಕೊಂಡು ಮೇವು ಹಾಕ್ತಾರಾ ಸ್ವಾಮಿ?"

ಅವರು ನಗು ತಡ್ಕೊಂಡ್ರು. "ಕಾನೂನು ಹಾಗಿದೆ ತಾಯಿ."

ಅಲ್ಲಿಂದ ಸೀದಾ ತಮ್ಮನ ಮಂಡಿಗೆ ಹೋದೆ. ಆಳುಗಳು ಕೊಬ್ಬರಿ ತೂಗ್ತಿದ್ರು. ಅವರ ಮುಂದೇನೇ ಕೇಳ್ದೆ. "ಲೇ ಮಲ್ಲ, ನಿನ್ನ ಹೊತ್ತು ಸಾಲಲಿಲ್ವೋ, ಮನಸ್ಸು ಸಾಲಲಿಲ್ವೋ? ನಿಜ ಹೇಳು."

ಅವನು ನನ್ನನ್ನ ಒಳಗೆ ಕರ್ಕೊಂಡೋಗಿ ಕೂರಿಸ್ದ. ಮುಖದಲ್ಲಿ ನಗು ಇರ್ಲಿಲ್ಲ. "ನಿಜ ಬೇಕಾ ಅಕ್ಕ? ನನಗೆ ವೋಟು ಹಾಕಿದೋರಿಗೆಲ್ಲ ತೋಟದಲ್ಲೇ ಬಾವಿ ಇದೆ. ಅವರಿಗೆ ಬೇಕಾಗಿರೋದು ರೈಲು. ದಾರಿ ಬೇಕಾದೋರಿಗೆ ವೋಟಿಲ್ಲ. ನಾನು ಯಾರ ಪ್ರತಿನಿಧಿ, ನೀನೇ ಹೇಳು."

"ನನ್ನ ಪ್ರತಿನಿಧಿ. ನನ್ನ ವೋಟಲ್ಲಿ ಅವರೆಲ್ಲ ಇದ್ರು."

"ನಿನ್ನ ಹಸು ಆ ಕಲ್ಲುದಾರೀಲಿ ಒಂದು ದಿನವಾದ್ರೂ ನೀರಿಗೆ ಹೋಗಿದ್ಯಾ?" ಅಂದ.

ನಾನು ಯಾರ ಮುಂದೂ ಮಾತು ಸೋತೋಳಲ್ಲ, ಅವತ್ತು ಸೋತೆ. ಸಿಟ್ಟು ನೆತ್ತಿಗೇರಿತ್ತು, ಅವನು ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ. ಅವನ ಮನೇಲಿ ಊಟಾನೂ ಮಾಡ್ದೆ ಗಾಡಿ ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಎತ್ತು ವಾಪಸ್ ಹೋಗಲ್ಲ, ಸರಿ. ಹಂಗಾದ್ರೆ ಪದ್ಧತಿ ಏನು ಹೇಳ್ತದೆ? ಕೈ ಹಾಕಿದೋರು ತಮ್ಮ ಎತ್ತಿಂದ ಉತ್ತು ಕೊಡ್ಬೇಕು. ಊರಿಗೆ ಬಂದವಳೇ ಕೆಂಚಮ್ಮನ್ನ ಕರೆಸ್ದೆ.

"ಬೇಸಿಗೆ ಬರಲಿ. ಊರ ದನ ಒಂದೂ ಕಲ್ಲುದಾರಿ ತುಳೀಬೇಕಾಗಿಲ್ಲ. ನನ್ನ ತೋಟಕ್ಕೆ ಹೊಡ್ಕೊಂಡು ಬಾ. ನನ್ನ ಬಾವಿ ನೀರು ಕುಡೀಲಿ."

ಅವಳು ನನ್ನ ಮುಖಾನೇ ನೋಡಿದ್ಲು. "ಬಾವಿ ತಡ್ಕೊಳ್ಳಲ್ಲ ಕಣ್ರಮ್ಮ. ತೋಟ ಹೋಗ್ತದೆ."

"ಹೋದ್ರೆ ನಂದು ಹೋಗ್ತದೆ. ಕೈ ಹಾಕಿದೋಳು ನಾನು" ಅಂದೆ.

ಶಿವರಾತ್ರಿ ಕಳೀತು, ಕೆರೆ ಕಡೆ ಗಾಳಿ ಬಿಸಿಯಾಯ್ತು. ಅವತ್ತಿಂದ ಬೆಳಗಾದ್ರೆ ನನ್ನ ತೋಟದಲ್ಲಿ ಕಪಿಲೆ ಶುರು. ಎತ್ತುಗಳು ಇಳಿಜಾರಲ್ಲಿ ಹಿಂದೆ ಮುಂದೆ ನಡೆಯೋದು, ಚರ್ಮದ ಬಾನಿ ಬಾವಿಯಿಂದ ಮೇಲೆ ಬಂದು ಕಲ್ಲುತೊಟ್ಟಿಗೆ ಬಗ್ಗೋದು, ದನ ಒಂದರ ಮೇಲೊಂದು ಬಿದ್ದು ಕುಡಿಯೋದು. ಕುಡಿದು ತಲೆ ಎತ್ತಿದಾಗ ಅವುಗಳ ಗಂಗೆದೊಗಲಿಂದ ನೀರು ಸೋರ್ತಿತ್ತು. ನೋಡೋಕೆ ಬಲು ಚಂದ. ಆದ್ರೆ ನಂದು ಸಾಮಾನ್ಯ ಬಾವಿ. ದನಕ್ಕೆ ಕೊಟ್ಟು ತೆಂಗಿಗೆ ಕೊಡೋವಷ್ಟು ನೀರು ಊರೋದಿಲ್ಲ ಅದರಲ್ಲಿ. ಯುಗಾದಿ ಹೊತ್ತಿಗೆ ಮರದಡಿ ಎಳೆಕಾಯಿ ಉದುರೋಕೆ ಶುರುವಾಯ್ತು. ರಾಶಿ ರಾಶಿ. ಬೆಳಗ್ಗೆ ಎದ್ದು ಅವನ್ನ ಗುಡಿಸೋಳು ನಾನೇ. ಮಕ್ಕಳಿಲ್ಲದೋಳಿಗೆ ಆ ಮರಗಳೇ ಎಲ್ಲ, ಯಜಮಾನ್ರು ಒಂದೊಂದಾಗಿ ನೆಟ್ಟು ನೀರು ಹೊತ್ತು ಬೆಳೆಸಿದ್ದು.

ಪಕ್ಕದ ತೋಟದ ನಂಜುಂಡಪ್ಪ, ವೋಟಿದ್ದೋರಲ್ಲಿ ದೊಡ್ಡ ಕುಳ, ಬೇಲಿ ಆಚೆ ನಿಂತು ಹೇಳ್ದ: "ತೀರ್ಥಕ್ಕ, ಇದೇನು ಹುಚ್ಚು? ಯಾರದೋ ದನಕ್ಕೆ ನಿನ್ನ ತೋಟ ಒಣಗಿಸ್ತೀಯಲ್ಲ."

"ಯಾರದೋ ಅಲ್ಲ ಕಣೋ ನಂಜುಂಡ, ನಾನು ಮಾತು ಕೊಟ್ಟೋರ ದನ. ನಿನ್ನ ಬಾವೀಲಿ ನೀರು ಜಾಸ್ತಿ ಇದ್ರೆ ನೀನೂ ಒಂದು ತೊಟ್ಟಿ ಇಡು" ಅಂದೆ. ಅವನು ಮತ್ತೆ ಬೇಲಿ ಹತ್ರ ಬರ್ಲಿಲ್ಲ.

ತಮ್ಮನಿಗೆ ಸುದ್ದಿ ಮುಟ್ಟಿತು. ಒಂದು ಮಧ್ಯಾಹ್ನ ಉರಿಬಿಸಿಲಲ್ಲಿ ಬಂದ. ತೋಟದೊಳಗೆ ಕಾಲಿಟ್ಟೋನು ನೆಲದ ಮೇಲಿನ ಎಳೆಕಾಯಿ ನೋಡ್ಕೊಂಡು ನಿಂತೇ ಬಿಟ್ಟ. ಕೊಬ್ಬರಿ ವ್ಯಾಪಾರದೋನಿಗೆ ಅದೇನು ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

"ಅಕ್ಕಾ, ಭಾವ ನೆಟ್ಟ ಮರ. ನನ್ನ ಮೇಲಿನ ಸಿಟ್ಟಿಗೆ ಇವನ್ನ ಸಾಯಿಸ್ತೀಯಾ?"

"ನಿನ್ನ ಮೇಲಿನ ಸಿಟ್ಟಿಗಲ್ಲಪ್ಪ. ನಿನ್ನ ಮಾತು ನಂಬಿ ನಾನು ಕೊಟ್ಟ ಮಾತಿಗೆ. ನೀನು ಮೆಂಬರು, ನಿನ್ನನ್ನ ಮೂರು ವರ್ಷ ಯಾರೂ ಏನೂ ಕೇಳೋ ಹಾಗಿಲ್ವಂತೆ. ನನ್ನನ್ನ ಊರು ದಿನಾ ಕೇಳುತ್ತೆ."

ಅಷ್ಟೊತ್ತಿಗೆ ಕೆಂಚಮ್ಮ ದನ ಹೊಡ್ಕೊಂಡು ಬಂದ್ಲು. ಕಪಿಲೆ ಹೊಡೆಯೋ ಆಳು ಅವತ್ತು ಜ್ವರ ಅಂತ ಮಲಗಿದ್ದ, ಎತ್ತು ಹೊಡೀತಿದ್ದೋಳು ನಾನೇ. ತಮ್ಮ ಸ್ವಲ್ಪ ಹೊತ್ತು ನೋಡ್ದ. ಆಮೇಲೆ ರುಮಾಲು ತೆಗೆದು ಕಟ್ಟೆ ಮೇಲಿಟ್ಟ, ಪಂಚೆ ಎತ್ತಿ ಕಟ್ದ, ನನ್ನ ಕೈಯಿಂದ ಹಗ್ಗ ಇಸ್ಕೊಂಡ. ಚಿಕ್ಕಂದಲ್ಲಿ ಅಪ್ಪನ ತೋಟದಲ್ಲಿ ಹೊಡೆದಿದ್ದ ಕೈ, ಮರೆತಿರ್ಲಿಲ್ಲ. ಆದ್ರೆ ಗಾದಿ ಮೇಲೆ ಕೂತ ಮೈ, ನಾಲ್ಕು ಬಾನಿಗೇ ಏದುಸಿರು ಬಂತು. ನಾನು ಸಾಕು ಅನ್ಲಿಲ್ಲ. ಅವನೂ ಬಿಡ್ಲಿಲ್ಲ.

ಕೊನೇಲಿ ಒಂದು ಗಬ್ಬದ ಹಸು ಹಿಂದೆ ಉಳೀತು. ತೊಟ್ಟಿ ಬರಿದಾಗಿತ್ತು, ಬಾವೀಲಿ ಬಾನಿ ಕೆಸರು ಎತ್ತುತಿತ್ತು. ಹಸು ತೊಟ್ಟಿ ಕಲ್ಲನ್ನ ನೆಕ್ಕಿತು. ತಮ್ಮ ಹಗ್ಗ ಹಿಡ್ಕೊಂಡು ನಿಂತೇ ಇದ್ದ.

"ಇದು ಯಾರದು?" ಅಂದ.

"ನಂದೇ ಸಾವ್ಕಾರ್ರೇ" ಅಂದ್ಲು ಕೆಂಚಮ್ಮ. "ಹೋದ್ವರ್ಷ ಕಲ್ಲುದಾರೀಲಿ ಕಂದು ಹಾಕ್ತು. ಈ ಸಲ ನಿಂತೈತೆ. ಇರ್ಲಿ ಬಿಡಿ, ತಣ್ಣಗಾದ್ಮೇಲೆ ನಾನೇ ಕೊಡದಲ್ಲಿ ತತ್ತೀನಿ." ಅವಳು ಅವನನ್ನ ಯಾವಾಗ್ಲೂ ಹಂಗೇ ಕರೆಯೋಳು, ಸಾವ್ಕಾರ್ರು ಅಂತ.

ಅವತ್ತು ತಮ್ಮ ನಮ್ಮನೇಲೇ ಉಳ್ಕೊಂಡ. ದಾರಿ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂಗೈ ಬೊಬ್ಬೆಗೆ ಹರಳೆಣ್ಣೆ ಹಚ್ಚಿ ಕಳಿಸ್ದೆ.

ಮಹಾರಾಜರ ವರ್ಧಂತಿಗೆ ಮತ್ತೆ ಸಭೆ ಸೇರಿತು. ಅಲ್ಲಿ ನಡೆದದ್ದನ್ನ ನನಗೆ ಹೇಳಿದೋರು ದೇವನೂರಿನ ಸಿದ್ದಪ್ಪನೋರು, ಕಡೂರು ಕಡೆಯ ಮೆಂಬರು, ತಮ್ಮನ ಪಕ್ಕದಲ್ಲೇ ಕೂತಿದ್ದೋರು. ಬೀರೂರಲ್ಲಿ ಒಂದು ಮದುವೇಲಿ ಸಿಕ್ಕಿದ್ರು, ಊಟ ತಣ್ಣಗಾದ್ರೂ ಬಿಡದೆ ಕೇಳ್ದೆ.

ಆ ಸಲ ಒಬ್ಬೊಬ್ಬರಿಗೆ ಒಂದೇ ವಿಷಯ ಅಂತ ಹೇಳಿದ್ರಂತೆ. ರೈಲಿನ ಮಾತು ಇನ್ನೂ ಇತ್ಯರ್ಥ ಆಗಿರ್ಲಿಲ್ಲ, ಅಜ್ಜಂಪುರದ ವರ್ತಕರೆಲ್ಲ ಅದನ್ನೇ ಕೇಳಬೇಕು ಅಂತ ತಮ್ಮನಿಗೆ ಹೇಳಿ ಕಳಿಸಿದ್ರು. ತಮ್ಮ ಎದ್ದು ನಿಂತು ಹೊನ್ನೆಮರಡಿ ದನದ ದಾರಿ ಅಂದ್ನಂತೆ. ಒಬ್ಬ ಅಧಿಕಾರಿ ಕಾಗದ ತಿರುವಿ ಹಾಕಿ ಕೇಳಿದ್ರಂತೆ, "ನಿಮಗೆ ವೋಟು ಕೊಟ್ಟವರು ಇದನ್ನ ಕೇಳಿದ್ದಾರೆಯೇ?"

"ಇಲ್ಲ ಸ್ವಾಮಿ. ನನಗೆ ವೋಟು ಕೊಟ್ಟವರಿಗೆ ಬಾವಿಗಳಿವೆ. ಕೇಳಿದವರಿಗೆ ವೋಟಿಲ್ಲ. ಅವರ ದನಕ್ಕೆ ನಾನು ನೀರು ಸೇದಿ ನೋಡಿದ್ದೇನೆ, ಸಾಲಲಿಲ್ಲ. ಅದಕ್ಕೇ ಅವರ ಪರವಾಗಿ ನಿಂತಿದ್ದೇನೆ" ಅಂದ್ನಂತೆ ನನ್ನ ತಮ್ಮ.

"ತೀರ್ಥಮ್ಮ, ಹಂಗೆ ಮಾತಾಡಿದೋರನ್ನ ನಾನು ಕಂಡಿರ್ಲಿಲ್ಲ" ಅಂದ್ರು ಸಿದ್ದಪ್ಪನೋರು. ನಾನು ಸೆರಗಲ್ಲಿ ಕಣ್ಣೊರೆಸ್ಕೊಂಡೆ. ಎಲೆ ಮೇಲಿದ್ದ ಚಿರೋಟಿ ಅವತ್ತಿದ್ದಷ್ಟು ರುಚಿ ಇನ್ಯಾವತ್ತೂ ಇರ್ಲಿಲ್ಲ.

ಕೇಳಿದ್ದು ಪೂರ್ತಿ ಸಿಗ್ಲಿಲ್ಲ. ಮೊದಲು ಯಾರೋ ಬಂದು ಅಳೆದ್ರು, ಆಮೇಲೆ ಇನ್ಯಾರೋ ಬಂದು ಮತ್ತೆ ಅಳೆದ್ರು. ಕೊನೆಗೆ ದೀಪಾವಳಿ ಆದ್ಮೇಲೆ ಬೇಲಿ ಎರಡು ಕಡೆ ಕಡಿದ್ರು. ದನ ನೀರಿಗೆ ಹೋಗಬಹುದು ಬರಬಹುದು, ದಾರೀಲಿ ನಿಂತು ಮೇಯಬಾರದು ಅಂತ ಅಪ್ಪಣೆ. ದನಕ್ಕೆ ಈ ಅಪ್ಪಣೆ ಯಾರು ಓದಿ ಹೇಳ್ತಾರೋ ಅಂತ ನಾವು ನಗಾಡ್ಕೊಂಡ್ವಿ. ಮೊದಲ ದಿನ ನಾನೂ ಹಿಂದೆ ಹೋಗಿದ್ದೆ. ದನ ದಾರಿ ಮರೆತಿರ್ಲಿಲ್ಲ. ಮುಂದಿನ ಬೇಸಿಗೇಲಿ ನನ್ನ ತೋಟದಲ್ಲಿ ಹೊಂಬಾಳೆ ಮತ್ತೆ ಕಾಯಿ ಕಚ್ಚಿತು.

ಮೂರು ವರ್ಷ ಮುಗೀತು, ಮತ್ತೆ ಎಲೆಕ್ಷನ್ ಬಂತು. ತಮ್ಮನ ಎದುರಿಗೆ ಅಜ್ಜಂಪುರದ ಬಸವರಾಜಪ್ಪ ಅನ್ನೋ ವರ್ತಕ ನಿಂತ. ಅವನು ಊರೂರಲ್ಲಿ ಹೇಳಿದ್ದು ಒಂದೇ ಮಾತು: "ವೋಟು ನಿಮ್ದು, ಮಾತು ಮಾತ್ರ ದನ ಕಾಯೋರ್ದು. ಇದ್ಯಾವ ಮೆಂಬರು?" ತೋಟದೋರಿಗೆ ಅದು ನಾಟಿತು. ನಂಜುಂಡಪ್ಪ ನನ್ನ ಮುಖಕ್ಕೇ ಹೇಳ್ದ: "ತೀರ್ಥಕ್ಕ, ಈ ಸಲ ನಮ್ಮ ವೋಟು ನಮ್ಮ ಕೆಲಸ ಮಾಡೋನಿಗೆ. ತಪ್ಪು ತಿಳ್ಕೋಬೇಡ."

"ನಿನ್ನ ವೋಟು ನಿಂದು, ಎಲ್ಲಾದ್ರೂ ಹಾಕ್ಕೋ" ಅಂದೆ. ಅಷ್ಟು ಹೇಳೋಕೆ ಎಷ್ಟು ಉಗುಳು ನುಂಗಿದೆ ಅಂತ ನನಗೇ ಗೊತ್ತು.

ತಮ್ಮ ಸೋತ. ಸ್ವಲ್ಪದರಲ್ಲಿ ಅಲ್ಲ, ಚೆನ್ನಾಗೇ ಸೋತ. ನಮ್ಮೂರಿಂದ ಅವನಿಗೆ ಬಿದ್ದದ್ದು ನನ್ನದೊಂದೇ ವೋಟು ಅಂತ ನನಗೆ ಅನುಮಾನ ಇಲ್ಲ. ಯಾರ ಪರ ನಿಂತ್ನೋ ಅವರಿಗೆ ಆಗಲೂ ವೋಟಿರ್ಲಿಲ್ಲ, ಇವತ್ತಿಗೂ ಇಲ್ಲ. ಇದೆಂಥಾ ಲೆಕ್ಕ ಅಂತ ನಾನು ಅಮಲ್ದಾರರನ್ನ ಕೇಳೋಕೆ ಹೋಗ್ಲಿಲ್ಲ. ಅವರು ಮತ್ತೆ ಮಜ್ಜಿಗೆ ತರಿಸ್ತಾರೆ ಅಷ್ಟೇ.

ಸೋತ ಸುದ್ದಿ ಬಂದ ಮೂರನೇ ದಿನ ತಮ್ಮ ನಮ್ಮೂರಿಗೆ ಬಂದ. ರುಮಾಲು ಇರ್ಲಿಲ್ಲ, ಮುಖ ಬಾಡಿತ್ತು. ಜಗಲಿ ಮೇಲೆ ಕೂತು ನೆಲ ನೋಡ್ತಾ, "ನಿನ್ನ ಹೆಸರು ಕೆಡಿಸ್ಬಿಟ್ಟೆ ಅಕ್ಕ" ಅಂದ.

ನನಗೆ ರೇಗಿ ಹೋಯ್ತು. "ಲೇ, ಎದ್ದು ನಿಂತ್ಕೋ. ನೀನು ಗೆದ್ದ ದಿನ ನಾನು ಹಾರ ಹಾಕಿದೆ ಕಣೋ, ಆದ್ರೆ ಅವತ್ತು ನನಗೆ ನಿನ್ನ ಮೇಲೆ ಇದ್ದದ್ದು ಬರೀ ಪ್ರೀತಿ. ಇವತ್ತು ಇರೋದು ಹೆಮ್ಮೆ. ಅಪ್ಪ ಇದ್ದಿದ್ರೆ ನಿನ್ನನ್ನ ಹೆಗಲ ಮೇಲೆ ಹೊತ್ಕೊಂಡು ಊರು ಸುತ್ತಿಸೋನು. ನಮ್ಮ ಮನೇಲಿ ಹುಟ್ಟಿದ್ದನ್ನ ಸಾರ್ಥಕ ಮಾಡ್ದೆ."

ಅವನು ಎದ್ದು ನಿಲ್ಲಲಿಲ್ಲ, ಅತ್ತ. ಗಂಡಸು ಅಳಬಾರದು ಅಂತ ನಾನೂ ತಡೀಲಿಲ್ಲ.

ಆ ಹೊತ್ತಿಗೆ ಹಿರೇಕೆರೆ ಕಡೆಯಿಂದ ದನ ವಾಪಸ್ ಬರ್ತಿದ್ವು. ಕೆಂಚಮ್ಮ ಹಿಂದೆ ಇದ್ಲು. ಸೋತ ಸುದ್ದಿ ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ದನಾನ ಮುಂದೆ ಬಿಟ್ಟು ನಮ್ಮ ಜಗಲಿ ಹತ್ರ ಬಂದ್ಲು. ಇವನು ಗಡಬಡಿಸಿ ಮುಖ ಒರೆಸ್ಕೊಂಡ.

ಅವಳು ಕೋಲು ಗೋಡೆಗೆ ಒರಗಿಸಿ ಎರಡೂ ಕೈ ಜೋಡಿಸಿದ್ಲು.

"ಯಾವಾಗ ಬಂದ್ರಿ, ಮೆಂಬ್ರೇ?" ಅಂದ್ಲು.